ಹಾಡು ತೆಗೆದ ಮೇಲೆ

ಗಂಡನ ಮನೆಯಲ್ಲಿ ಸತ್ತ ಮಗಳ ತಿಥಿ ಮುಗಿಸಿಕೊಂಡು ಆ ತಂದೆ ನೇರವಾಗಿ ಸ್ಟುಡಿಯೋಗೆ ಬಂದಿದ್ದರು. ಹುಡುಗಿಯ ಮದುವೆಗೆ ವಿಡಿಯೋ ಮಾಡಿದ್ದವನು ಈ ಸ್ಟುಡಿಯೋದ ಹುಡುಗನೇ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

“ಪೂರ್ತಿ ನೋಡಿದೆ ಕಣಪ್ಪ. ಅವಳು ಬರೀ ತುಟಿ ಆಡಿಸ್ತಾಳೆ, ಕೇಳೋದೆಲ್ಲ ಸಿನಿಮಾ ಹಾಡು. ನಂಗೆ ಅವಳ ದನಿ ಬೇಕು.”

“ಎಲ್ಲರ ಮದುವೆಗೂ ಹಾಡೇ ಹಾಕೋದು ಸಾರ್. ಛತ್ರದ ಗಲಾಟೆ ಯಾರಿಗೂ ಬೇಡ.”

“ಅಲ್ಲಿ ಅಷ್ಟು ಕಷ್ಟ ಇದ್ರೂ ಬಾಯಿ ಬಿಡಲಿಲ್ಲ ನೋಡು. ಒಂದೇ ಒಂದು ಮಾತು ಹುಡುಕಿಕೊಡಪ್ಪ.”

ಅವನು ಹಳೆಯ ಹಾರ್ಡ್ ಡಿಸ್ಕ್ ತಡಕಾಡಿ, ಹೆಣ್ಣೊಪ್ಪಿಸುವ ಹೊತ್ತಿನ ಶೂಟಿಂಗ್ ತೆಗೆದ. ಮಗಳು ಅಪ್ಪನ ಕೊರಳಿಗೆ ಬಿದ್ದು ಅಳುತ್ತಿದ್ದಳು. ಎಲ್ಲರ ಕಣ್ಣಲ್ಲೂ ನೀರು ತರಿಸಿದ್ದ ದೃಶ್ಯವದು. ಹಾಡಿಲ್ಲದೆ ಅವನೂ ಅದನ್ನು ಕೇಳಿರಲಿಲ್ಲ.

ದನಿ ಜೋರು ಮಾಡಿದ. ತಂದೆ ಸ್ಪೀಕರಿನ ಹತ್ತಿರ ಬಾಗಿದರು.

“ಅಪ್ಪಾ, ರೂಮಲ್ಲಿ ಈಗ ತಾನೇ ಇವ್ರು ಕೆನ್ನೆಗೆ ಹೊಡೆದ್ರು. ನಾನು ಇವರ ಜೊತೆ ಹೋಗಲ್ಲಪ್ಪಾ.”

ಅದರ ಹಿಂದೆಯೇ ತಂದೆಯದೇ ದನಿ ಕೇಳಿಸಿತು:

“ಶ್! ಸುಮ್ನಿರು. ಎಲ್ಲಾ ವಿಡಿಯೋದಲ್ಲಿ ಬರುತ್ತೆ.”