ಟಾಲೆಫ್ಸನ್ ಮನೆಯ ಆರನೆಯ ಚಡ್ಡಿ

"ಐದೇ ಇವೆ," ಎಂದಳು ಲೋರ್ನಾ ಟಾಲೆಫ್ಸನ್, ಬಟ್ಟೆ ಒಣಹಾಕಿದ್ದ ಹಗ್ಗದ ಕೆಳಗೆ ನಿಂತು. "ಆರು ಚಡ್ಡಿ ಹಾಕಿದ್ದೆ. ಒಂದು ಮಾಯ!"

ಅವಳ ಕಣ್ಣು ನೆಟ್ಟಗೆ ಹೋಗಿ ಡೇಲಿಯಾ ಮೇಲೆ ನಿಂತಿತು. ಬೇರೆ ಯಾರ ಮೇಲೆ ನಿಲ್ಲಬೇಕು? ಮಣ್ಣಿನ ಸಂಶೋಧನೆಗೆಂದು ವಿಶ್ವವಿದ್ಯಾಲಯದಿಂದ ಬಂದು ಮೂರು ವಾರವಾಗಿದ್ದ ಈ ಹುಡುಗಿ, ಹಿಂದಿನ ದಿನವಷ್ಟೇ ಹಾಡುಹಗಲಲ್ಲಿ ಹೊಲದಲ್ಲಿ ಆರು ಚಡ್ಡಿ ಹೂತು ಬಂದಿದ್ದಳು.

"ನಾನು ಹೂತದ್ದು ಅಂಗಡಿಯಿಂದ ತಂದ ಹೊಸವು! ಬೇಕಾದ್ರೆ ಚೀಟಿ ತೋರಿಸ್ತೀನಿ."

"ನಾಯಿ ಎಳ್ಕೊಂಡು ಹೋಗಿರುತ್ತೆ ಬಿಡು," ಎಂದ ಲೋರ್ನಾಳ ಗಂಡ ಆರ್ವಿಡ್, ಟ್ರ್ಯಾಕ್ಟರಿನ ಅಡಿಯಿಂದ ತಲೆ ಹೊರಹಾಕದೆ.

"ನಾಯಿ ಸತ್ತು ಆರು ತಿಂಗಳು ಆಯ್ತು, ಆರ್ವಿಡ್. ವರ್ಷ ವರ್ಷ ಒಂದು ಕಾಣೆಯಾದಾಗೆಲ್ಲ ನೀನು ಅದರ ತಲೆಗೆ ಕಟ್ತಿದ್ದೆ, ಸರಿ. ಈಗ?"

ಟ್ರ್ಯಾಕ್ಟರಿನ ಅಡಿಯಲ್ಲಿ ಸುತ್ತಿಗೆ ಜೋರಾಗಿ ಬಡಿಯತೊಡಗಿತು.

ಚಡ್ಡಿಯ ವಿಷಯದಲ್ಲಿ ಲೋರ್ನಾ ಬಲು ಕಟ್ಟುನಿಟ್ಟು. ಪ್ರತಿ ಕ್ರಿಸ್‌ಮಸ್‌ಗೆ ಗಂಡನಿಗೆ ಆರು ಹೊಸ ಹತ್ತಿ ಚಡ್ಡಿ. ಎಲಾಸ್ಟಿಕ್ ಪಟ್ಟಿಯ ಮೇಲೆ ಕೆಂಪು ನೈಲಾನ್ ದಾರದಲ್ಲಿ ಬರುವ ವರ್ಷದ ಇಸವಿ ಹೊಲಿಯುತ್ತಿದ್ದಳು. ಅದೇ ದಿನ ಹಳೆಯವೆಲ್ಲ ಕತ್ತರಿಗೆ ಸಿಕ್ಕಿ ನೆಲ ಒರೆಸುವ ಬಟ್ಟೆಯಾಗುತ್ತಿದ್ದವು. ಇಲ್ಲದಿದ್ದರೆ ಈ ಮನುಷ್ಯ ಅವು ಬಲೆಯಾಗುವವರೆಗೂ ತೊಡುತ್ತಿದ್ದ.

ಡೇಲಿಯಾಳ ಪರೀಕ್ಷೆ ಸರಳ. ಮಣ್ಣಿಗೆ ಜೀವವಿದ್ದರೆ ಅರವತ್ತು ದಿನದಲ್ಲಿ ಹತ್ತಿಯನ್ನೆಲ್ಲ ತಿಂದು ಎಲಾಸ್ಟಿಕ್ ಮಾತ್ರ ಉಳಿಸುತ್ತದೆ. ಜೀವವಿಲ್ಲದಿದ್ದರೆ ಚಡ್ಡಿ ಹೂತ ಹಾಗೇ ಹೊರಬರುತ್ತದೆ. ಆರ್ವಿಡ್ ವರ್ಷ ವರ್ಷ ಉಳುವ ಜೋಳದ ಹೊಲದಲ್ಲಿ ಮೂರು, ಬೇಲಿ ಪಕ್ಕದ ಮೂಲೆಯಲ್ಲಿ ಮೂರು. ಆ ಮೂಲೆಯನ್ನು ಕೊಟ್ಟವನೂ ಆರ್ವಿಡ್ಡೇ. "ಅಲ್ಲಿ ಟ್ರ್ಯಾಕ್ಟರ್ ತಿರುಗಲ್ಲ. ಕಳೆ ಬೆಳ್ದು ಕೂತಿದೆ. ನಿನ್ನ ಆಟಕ್ಕೆ ಅದೇ ಸಾಕು," ಎಂದು ಹೀಯಾಳಿಸಿ ಕೊಟ್ಟಿದ್ದ. ಅವಳು ಸಂತೋಷದಿಂದ ಅಲ್ಲಿ ಮಣ್ಣಿಗೆ ಸತ್ವ ಕೊಡುವ ಕ್ಲೋವರ್ ಸೊಪ್ಪು ಬಿತ್ತಿದ್ದಳು.

ಊರಿನ ಧಾನ್ಯ ಗೋದಾಮಿನ ಕಾಫಿ ಮೇಜಿನಲ್ಲಿ ಬೆಳಿಗ್ಗೆಯೆಲ್ಲ ಇದೇ ನಗೆ. ಎಲ್ಲರ ಎದುರು ಆರ್ವಿಡ್ ಮೇಜು ಕುಟ್ಟಿ ಪಂಥ ಕಟ್ಟಿದ: "ನಾನು ಉತ್ತ ಮಣ್ಣೇ ಚಡ್ಡಿ ಹೆಚ್ಚು ತಿನ್ನುತ್ತೆ. ನಾನು ಗೆದ್ರೆ ಹೇಗಾದ್ರೂ ಮಾಡಿ ಆ ಮೂಲೆನೂ ಉಳ್ತೀನಿ. ಸೋತ್ರೆ ನೇಗಿಲು ಮಾರಿ ಹೊಲಕ್ಕೆಲ್ಲ ಕ್ಲೋವರ್ ಹಾಕ್ತೀನಿ. ಮಾತು ಕೊಟ್ಟ ಮೇಲೆ ಹಿಂದೆ ಸರಿಯೋ ಹಾಗಿಲ್ಲ, ಎಲ್ಲರೂ ಕೇಳಿಸ್ಕೊಳ್ಳಿ!"

ಡೇಲಿಯಾಳದು ಎರಡು ವರ್ಷ ನಡೆಯಬೇಕಾದ ಅಧ್ಯಯನ. ಮೂಲೆ ಉತ್ತರೆ ಪದವಿಯೂ ಅದರ ಜೊತೆಗೆ ಮಣ್ಣುಪಾಲು.

ಅರವತ್ತು ದಿನ ಕಳೆದು, ಆಗಸ್ಟಿನ ಒಂದು ಭಾನುವಾರ ಚರ್ಚು ಮುಗಿಸಿ ಅರ್ಧ ಊರೇ ಮಡಚುವ ಕುರ್ಚಿ, ಹಾಟ್‌ಡಿಷ್ ಎಂಬ ಬಿಸಿ ಅಡುಗೆಯ ಪಾತ್ರೆಗಳ ಸಮೇತ ಹೊಲಕ್ಕೆ ಬಂದಿಳಿಯಿತು. ಡೇಲಿಯಾ ಸಲಿಕೆ ಎತ್ತಿಕೊಂಡಳು.

"ಅದು ಬೇಡ, ಎಲಾಸ್ಟಿಕ್ ಕತ್ತರಿಸಿಹೋಗುತ್ತೆ," ಎಂದು ಆರ್ವಿಡ್ ಅವಳ ಕೈಗೆ ನಾಲ್ಕು ಹಲ್ಲಿನ ಮುಳ್ಳುಸಲಿಕೆ ಕೊಟ್ಟ. "ಒಂದು ಗೇಣು ಆಳ. ಮೆಲ್ಲಗೆ."

ಉತ್ತ ಹೊಲದಿಂದ ಮೂರೂ ಚಡ್ಡಿ ಇಡಿಯಾಗಿ ಬಂದವು. ಪಕ್ಕದ ಹೊಲದ ಗಸ್ ಒಂದನ್ನು ಎತ್ತಿ ಕೊಡವಿದ. "ಒಗೆದ್ರೆ ಮುಂದಿನ ವಾರ ಚರ್ಚಿಗೆ ಹಾಕ್ಕೊಂಡು ಹೋಗ್ಬಹುದು ಕಣೋ ಆರ್ವಿಡ್!"

ಈಗ ಮೂಲೆ. ಮೊದಲನೆಯದು: ಬರೀ ಪಟ್ಟಿ. ಎರಡನೆಯದು: ಬರೀ ಪಟ್ಟಿ. ಮೂರನೆಯದಕ್ಕೆ ಪಟ್ಟಿಯ ಜೊತೆ ಎರಡು ಕೊಬ್ಬಿದ ಎರೆಹುಳು. ಡೇಲಿಯಾ ಕಿರುಚಿ, ಸಿಕ್ಕಿದವರನ್ನೆಲ್ಲ ತಬ್ಬಿ ಕುಣಿದಳು.

"ಸೋತೆ, ಸೋತೆ," ಎಂದ ಆರ್ವಿಡ್ ಅವಸರವಾಗಿ. "ಸಾಕು, ಮುಚ್ಚು ಇನ್ನು. ಊಟ ಆರ್ತಿದೆ."

ಆದರೆ ಗೆದ್ದ ಹುಡುಗಿಯ ಕೈ ನಿಲ್ಲುತ್ತದೆಯೇ? ಖುಷಿಗೆ ಇನ್ನೊಮ್ಮೆ ಮಣ್ಣೆತ್ತಿದಳು. ಸಲಿಕೆಯ ಮುಳ್ಳಿಗೆ ನಾಲ್ಕನೆಯ ಪಟ್ಟಿ ಸಿಕ್ಕಿತು. ಅದರ ಮೇಲೆ ಕೆಂಪು ದಾರ.

ಲೋರ್ನಾ ಎದ್ದು ನಿಂತಳು. "ಇದು ನನ್ನ ಹೊಲಿಗೆ. ಈ ವರ್ಷದ್ದು!"

"ಕಳ್ಳಿ ಸಿಕ್ಕಿಬಿದ್ಳು!" ಎಂದು ಗಸ್ ಕೇಕೆ ಹಾಕಿದ. ಕುರ್ಚಿಗಳಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಡೇಲಿಯಾಳ ಮುಖ ಬಿಳಿಚಿತು. ಕದ್ದ ಚಡ್ಡಿ ಇಟ್ಟು ಪರೀಕ್ಷೆ ಮಾಡಿದಳೆಂದರೆ ಇವಳ ಗೆಲುವನ್ನು ಯಾರು ನಂಬುತ್ತಾರೆ? "ನಾನಲ್ಲ, ದೇವರಾಣೆಗೂ ನಾನಲ್ಲ! ಇಲ್ಲಿ ನಾನು ಹೂತಿದ್ದು ಮೂರೇ! ಬೇಕಾದ್ರೆ ಇಡೀ ಮೂಲೆ ಅಗೆದು ತೋರಿಸ್ತೀನಿ!"

"ಬೇಡ!" ಎಂದ ಆರ್ವಿಡ್.

ಅವಳು ಅಗೆದಳು. ಐದನೆಯ ಪಟ್ಟಿ ಬಂತು. ಆರನೆಯದು ಬಂತು. ಏಳನೆಯದು ಬರುವ ಹೊತ್ತಿಗೆ ಗಸ್‌ನ ನಗು ನಿಂತಿತ್ತು.

ಲೋರ್ನಾ ಕನ್ನಡಕ ಏರಿಸಿ, ಪಟ್ಟಿಗಳನ್ನು ಏಪ್ರನ್ನಿಗೆ ಒರೆಸಿ ಒಂದೊಂದಾಗಿ ಓದಿದಳು. "ಇದು ಹೋದ ವರ್ಷದ್ದು. ಇದು ಅದರ ಹಿಂದಿನ ವರ್ಷದ್ದು. ಇದು ಅದಕ್ಕೂ ಹಿಂದಿಂದು. ಆಗ ಈ ಹುಡುಗಿಗೆ ನಮ್ಮೂರಿನ ಹೆಸರೂ ಗೊತ್ತಿರ್ಲಿಲ್ಲ, ಆರ್ವಿಡ್."

ಆರ್ವಿಡ್ ಬೂಟಿನ ತುದಿ ನೋಡುತ್ತ ಗೊಣಗಿದ. "ವರ್ಷಕ್ಕೊಂದು ನಾನೇ ಹೂತು ನೋಡಿದ್ದೆ, ಉಳದ ಮಣ್ಣೇ ಗೆಲ್ಲುತ್ತೆ ಅಂತ ಗೊತ್ತಿತ್ತು. ಆದ್ರೆ ನಲವತ್ತು ವರ್ಷ ಇವರ ಮುಂದೆ ನೇಗಿಲು ಹೊಗಳಿ ಮೇಜು ಕುಟ್ಟಿದ್ದೀನಿ. ಸೋಲೋಕೆ ಯಾರಾದ್ರೂ ಬೇಕಿತ್ತಲ್ಲ!"