ಟ್ರೈಲರ್ ಮತ್ತು ಮ್ಯೂಟ್

ಮೊದಲೇ ಹೇಳಿಬಿಡುತ್ತೇನೆ ಸ್ವಾಮಿ, ನೀವು ಎಂಥ ಬುದ್ಧಿವಂತರೇ ಆಗಿರಿ, ಈ ಕಥೆಯಲ್ಲಿ ನಿಮಗೆ ಟೋಪಿ ಬೀಳುವುದು ಗ್ಯಾರಂಟಿ. ಅದೂ ಹಾಡಹಗಲೇ, ಕಣ್ಣೆದುರೇ. ಹುಷಾರಾಗಿ ಓದಿ. ಆಮೇಲೆ ಮೊದಲೇ ಹೇಳಲಿಲ್ಲ ಅನ್ನಬೇಡಿ.

"ನಾನೇ ಸರ್," ಅಂದಳು ಮ್ಯೂಟ್.

ಹೆಡ್‌ಮಾಸ್ಟರ ಕೋಣೆ. ಮೇಜಿನ ಮೇಲೆ ಫೋನು. ಫೋನಿನೊಳಗೆ, ಊರೆಲ್ಲ ನೋಡಿ ಮುಗಿಸಿದ್ದ ಕ್ಲಿಪ್ಪು. ಅದರಲ್ಲಿ ಪೇಪರ್ ಅಕ್ಕ ಹೇಳುತ್ತಿದ್ದದ್ದು ಒಂದೇ ಮಾತು: "ನಮ್ಮ ಪೇಪರಲ್ಲಿ ಬರೋದೆಲ್ಲ ಬರೀ ಸುಳ್ಳು."

ಪೇಪರ್ ಅಕ್ಕ ಅಂದರೆ ವರದಿಗಾರ್ತಿ. ಶಾಲೆಯೂ ಪತ್ರಿಕೆಯೂ ಕೈಜೋಡಿಸಿದ ಮೇಲೆ, ವಾರಕ್ಕೊಮ್ಮೆ ಹತ್ತನೇ ತರಗತಿಗೆ ಬಂದು ಸುಳ್ಳು ಸುದ್ದಿಯನ್ನು ಮೂಸಿ ಹಿಡಿಯುವ ವಿದ್ಯೆ ಕಲಿಸುತ್ತಿದ್ದಳು. ‘ಯಾವ ಕ್ಲಿಪ್ ಬಂದರೂ, ಇದರ ಮುಂಚೆ ಏನಾಯ್ತು ಅಂತ ಕೇಳಿ’ ಎಂಬುದೇ ಅವಳ ಮೊದಲ ಪಾಠ. ಅವತ್ತು ನಿಜಕ್ಕೂ ಹೇಳಿದ್ದು, "ನಮ್ಮ ಪೇಪರಲ್ಲಿ ಬರೋದೆಲ್ಲ ಬರೀ ಸುಳ್ಳು ಅಂತ ಯಾರಾದ್ರೂ ಅಂದ್ರೆ ಜಗಳ ಆಡ್ಬೇಡಿ, ಯಾವುದು ಸುಳ್ಳು ಅಂತ ಕೇಳಿ." ಬಾಲವನ್ನು ಯಾರೋ ಕತ್ತರಿಸಿದ್ದರು. ಓದುಗರು ಪತ್ರಿಕೆಯ ಕಚೇರಿಗೇ ನುಗ್ಗಿ ಗಲಾಟೆ ಮಾಡಿದ್ದರು. ಸಂಪಾದಕರು ಕೆಂಡ. ಕತ್ತರಿಸಿದವರು ಸಿಗಬೇಕು, ಇಲ್ಲದಿದ್ದರೆ ಪಾಠವೂ ಬಂದ್, ಅಕ್ಕನ ಕೆಲಸವೂ ಬಂದ್.

ಪತ್ತೆ ಹಚ್ಚುತ್ತೇನೆಂದು ತಾನಾಗಿಯೇ ಮುಂದೆ ಬಂದವಳು ಟ್ರೈಲರ್. ಶಾಲೆಯಲ್ಲಿ ಏನೇ ನಡೆಯಲಿ, ಸಂಜೆಯೊಳಗೆ ಅದಕ್ಕೊಂದು ಟ್ರೈಲರ್ ಮಾಡಿ, ಢಂ ಢಂ ಸಂಗೀತ ತುಂಬಿ ಬಿಡುತ್ತಿದ್ದಳು. ಹಾಗಾಗಿ ಆ ಹೆಸರು. ಬಾಯಿ ಬಿಟ್ಟರೆ ಡೈಲಾಗು. ಮ್ಯೂಟ್ ತದ್ವಿರುದ್ಧ, ಹಾಜರಿ ಕೂಗಿದರೂ ಕೈಯಷ್ಟೇ ಎತ್ತುವವಳು. ಒಂದನೇ ತರಗತಿಯಿಂದ ಇಬ್ಬರಿಗೂ ಒಂದೇ ಬೆಂಚು, ಒಂದೇ ಟಿಫಿನ್ ಬಾಕ್ಸು. ಅಕ್ಕನ ಪಾಠವನ್ನು ಪೂರ್ತಿ ವಿಡಿಯೋ ಮಾಡುವುದು ಮ್ಯೂಟ್‌ಳ ಕೆಲಸ.

ಸ್ವಲ್ಪ ಮೊದಲು, ಅಕ್ಕ ಕಲಿಸಿದ ರೀತಿಯಲ್ಲೇ ಟ್ರೈಲರ್ ಸುಳಿವು ಬಿಡಿಸಿಟ್ಟಿದ್ದಳು. ಕ್ಲಿಪ್ಪಿನ ಮೂಲೆಯಲ್ಲಿ ಕಿಟಕಿಯ ಮುರಿದ ಚಿಲಕ. ಆ ಚಿಲಕ ಹಾಗೆ ಕಾಣುವುದು ಒಂದೇ ಜಾಗದಿಂದ. ಆ ಜಾಗದಲ್ಲಿ ಫೋನ್ ಹಿಡಿದು ಕೂತಿದ್ದವಳು ಒಬ್ಬಳೇ. ಹೇಳುವಾಗ ಟ್ರೈಲರ್ ಮ್ಯೂಟ್ ಕಡೆ ನೋಡಲೇ ಇಲ್ಲ. ಬೆಂಚಿನ ಗೆಳತಿಯ ಕಡೆ ಬೆರಳು ತೋರಿಸುವುದೆಂದರೆ ಸುಮ್ಮನೆಯೇ?

"ಅಕ್ಕ ನಿನಗೇನೇ ಅನ್ಯಾಯ ಮಾಡಿದ್ರು?" ಟ್ರೈಲರ್ ದನಿ ಒಡೆಯಿತು. "ನಂಬಿದವರ ಬೆನ್ನಿಗೇ ಚೂರಿ ಹಾಕ್ದೆಯಲ್ಲೇ! ನೀನೂ ಒಬ್ಬಳು ಫ್ರೆಂಡಾ?"

ಮ್ಯೂಟ್ ತಲೆ ಎತ್ತಿದಳು. "ಇದನ್ನ ನೀನು ಹೇಳ್ತಿದೀಯಾ?"

ಹೆಡ್‌ಮಾಸ್ಟರು ಮೇಜು ಗುದ್ದಿದರು. "ಮಾಡಿದ್ದೂ ಅಲ್ದೆ ಎದುರು ಮಾತು ಬೇರೆ!"

"ಯಾಕಮ್ಮಾ ಹೀಗ್ ಮಾಡ್ದೆ?" ಪೇಪರ್ ಅಕ್ಕ ಮೆಲ್ಲಗೆ ಕೇಳಿದಳು.

ಮ್ಯೂಟ್ ಟ್ರೈಲರ್‌ಳನ್ನೇ ನೋಡಿದಳು. ಟ್ರೈಲರ್ ಕಣ್ಣೊರೆಸಿಕೊಂಡು ಕಿಟಕಿಯತ್ತ ತಿರುಗಿದಳು. ಮ್ಯೂಟ್ ಮತ್ತೆ ಬಾಯಿ ತೆರೆಯಲಿಲ್ಲ.

ಪಾಠ ಉಳಿಯಿತು. ಅಕ್ಕನ ಕೆಲಸವೂ ಉಳಿಯಿತು. ‘ಸುಳ್ಳು ಹಿಡಿದ ಹುಡುಗಿ’ ಎಂದು ಟ್ರೈಲರ್‌ಳ ಫೋಟೊ ಪತ್ರಿಕೆಯಲ್ಲಿ ಬಂತು. ಮ್ಯೂಟ್‌ಳನ್ನು ಅವಳ ಅಪ್ಪ ಬೇರೆ ಶಾಲೆಗೆ ಹಾಕಿದರು. ಖಾಲಿಯಾದ ಅರ್ಧ ಬೆಂಚಿನ ಮೇಲೆ ಟ್ರೈಲರ್ ಈಗ ಬ್ಯಾಗ್ ಇಡುತ್ತಾಳೆ.

ಅಯ್ಯೋ ಪಾಪ, ಎಂಥ ಗೆಳತಿ ಸಿಕ್ಕಳಪ್ಪಾ ಟ್ರೈಲರ್‌ಗೆ, ಅಂದುಕೊಂಡಿರಾ? ಬಿತ್ತು ಟೋಪಿ! ನಾನು ನಿಮಗೆ ತೋರಿಸಿದ್ದೂ ಕತ್ತರಿಸಿದ ಕ್ಲಿಪ್ಪೇ. ಇದರ ಮುಂಚೆ ಏನಾಯ್ತು ಅಂತ ನೀವೂ ಕೇಳಲಿಲ್ಲ, ಪಾಠ ಹೇಳಿದ ಅಕ್ಕನೂ ಕೇಳಲಿಲ್ಲ. ತಗೊಳ್ಳಿ, ಬಿಟ್ಟುಹೋದ ತುಂಡು. ಕೋಣೆಗೆ ಹೋಗುವ ಮುಂಚೆ, ಮೆಟ್ಟಿಲ ಕೆಳಗೆ, ಟ್ರೈಲರ್ ಮ್ಯೂಟ್‌ಳ ಎರಡೂ ಕೈ ಹಿಡಿದುಕೊಂಡಿದ್ದಳು.

"ನೀನು ಕಳಿಸಿದ ವಿಡಿಯೋನ ತಮಾಷೆಗೆ ಕಟ್ ಮಾಡಿ ಕಸಿನ್ಸ್ ಗ್ರೂಪಿಗೆ ಹಾಕ್ದೆ ಕಣೇ, ಊರೆಲ್ಲ ಸುತ್ತುತ್ತೆ ಅಂತ ಯಾರಿಗೆ ಗೊತ್ತಿತ್ತು? ಇವತ್ತೊಂದಿನ ನೀನು ಒಪ್ಕೊ. ನಾಳೆ ನಾನೇ ಹೋಗಿ ನಿಜ ಹೇಳ್ತೀನಿ, ಅಮ್ಮನಾಣೆ."