ಹೊಸ್ತಿಲಿಲ್ಲದ ಮನೆ

"ಮೊದಲೇ ಹೇಳ್ಬಿಡ್ತೀನಮ್ಮ, ಈ ಮನೆಗೆ ಹೊಸ್ತಿಲೇ ಇಲ್ಲ," ಎನ್ನುತ್ತಾ ಮನೆಯೊಡತಿ ತುಂಗಮ್ಮ ಭಾರಿ ಬಾಗಿಲನ್ನು ದೂಡಿದರು. "ಇಲ್ಲಿದ್ದ ಬ್ರಿಟಿಷರ ಬಂಗ್ಲೆ ಬಿದ್ದುಹೋಯ್ತು, ಅವರ ಕುದುರೆ ಸಾರೋಟು ಒಳಗೆ ತಂದು ನಿಲ್ಲಿಸ್ತಿದ್ದ ಈ ಕಟ್ಟಡ ಒಂದೇ ಉಳೀತು. ಹೊಸ್ತಿಲ ಪೂಜೆ ಎಲ್ಲಿ ಮಾಡೋದು ಅಂತ ಬಂದೋರೆಲ್ಲ ವಾಪಸ್ ಹೋಗ್ತಾರೆ."

ಗಾಲಿಕುರ್ಚಿಯಲ್ಲಿದ್ದ ಇಂಚರಾ ನೆಲವನ್ನೇ ನೋಡಿದಳು. ಕೆಂಗೇರಿಯಲ್ಲಿ ಬಾಡಿಗೆಗೆ ಅವರು ನೋಡುತ್ತಿದ್ದ ಒಂಬತ್ತನೆಯ ಮನೆ ಇದು. ಎಂಟು ಹೊಸ್ತಿಲುಗಳನ್ನೂ ಗಂಡ ಸುಘೋಷ್ ಅವಳನ್ನು ಕುರ್ಚಿಸಮೇತ ಎತ್ತಿ ದಾಟಿಸಿದ್ದ. ಅಭ್ಯಾಸಬಲದಿಂದ ಈಗಲೂ ಬಗ್ಗಿದ.

"ಬಿಡು ಕಣೋ," ಎಂದವಳೇ ಗಾಲಿಗಳನ್ನು ಜೋರಾಗಿ ತಳ್ಳಿದಳು. ಕುರ್ಚಿ ಕಲ್ಲುಚಪ್ಪಡಿಗಳ ಮೇಲೆ ಗಡಗಡ ಸದ್ದು ಮಾಡುತ್ತಾ ಎದುರು ಗೋಡೆಯವರೆಗೂ ಓಡಿತು. ಅಲ್ಲಿ ಗಿರಕ್ಕನೆ ತಿರುಗಿ, ಬಾಗಿಲಲ್ಲಿ ಬೆರಗಾಗಿ ನಿಂತಿದ್ದ ಇಬ್ಬರನ್ನೂ ನಗುತ್ತಾ ಕರೆದಳು:

"ಯಾಕೆ ಆಚೆನೇ ನಿಂತ್ಕೊಂಡ್ರಿ? ಬನ್ನಿ, ಒಳಗೆ ಬನ್ನಿ!"